ಎಂಟನೆಯ ಸಹಿ

ಪಕ್ಷದ ಕಚೇರಿ, ಮೇಲಿನ ಕೋಣೆ
ಸೋಮವಾರ, ಹನ್ನೊಂದನೇ ತಾರೀಖು, ಬೆಳಗ್ಗೆ

ಪ್ರೀತಿಯ ಟೀಚರಿಗೆ,

‘ಮಾನ್ಯ ಸದಸ್ಯರಿಗೆ’ ಎಂದು ಬರೆಯಹೊರಟು ಕೈ ನಿಲ್ಲಿಸಿದೆ. ಹದಿಮೂರು ವರ್ಷ ನಿನಗೆ ಬಂದ ಕಾಗದಗಳಿಗೆಲ್ಲ ಉತ್ತರ ಬರೆದವನು ನಾನು, ಆದರೆ ನಿನಗೇ ಕಾಗದ ಬರೆಯುವ ಪ್ರಸಂಗ ಒಮ್ಮೆಯೂ ಬಂದಿರಲಿಲ್ಲ. ವಿಧಾನಸಭೆಯ ಸದಸ್ಯತ್ವ ಹೋದವರಿಗೆ ‘ಮಾನ್ಯ’ ಹೋಗಿ ‘ಮಾಜಿ’ ಬರುತ್ತದೆ. ಹೆಂಡತಿಯ ಹೆಸರಿನ ಹಿಂದೆ ಆ ಪದ ಹಾಕುವುದಕ್ಕೆ ನನಗೆ ಸುತರಾಂ ಧೈರ್ಯವಿಲ್ಲ. ಅದಕ್ಕೇ ಇಡೀ ಕ್ಷೇತ್ರ ಕರೆಯುವ ಹಾಗೆ ಟೀಚರ್ ಎಂದೇ ಕರೆಯುತ್ತೇನೆ. ನೀನು ಶಾಲೆ ಬಿಟ್ಟು ಇಷ್ಟು ವರ್ಷವಾದರೂ ಆ ಹೆಸರನ್ನು ಮಾತ್ರ ಯಾವ ಸಭಾಧ್ಯಕ್ಷರೂ ಅನರ್ಹಗೊಳಿಸಲಾಗಿಲ್ಲ.

ನೀನು ಇದನ್ನು ಕೆಂಪು ಪೆನ್ನು ಹಿಡಿದುಕೊಂಡೇ ಓದುತ್ತೀ ಎಂದು ಗೊತ್ತು. ಹಿಡಿದುಕೋ. ಕಾಗುಣಿತದ ತಪ್ಪು ಅಷ್ಟಾಗಿ ಸಿಗಲಾರದು, ಉಳಿದವುಗಳನ್ನು ಹುಡುಕು.

ನಿನ್ನೆ ಮಗಳು ಫೋನ್ ಮಾಡಿದ್ದಳು. ನೀವಿಬ್ಬರೂ ಮನೆ ಬಿಟ್ಟು ನಿನ್ನ ಅಕ್ಕನ ಮನೆ ಸೇರಿದ ಐದು ವಾರದಲ್ಲಿ ಇದೇ ಮೊದಲ ಸಲ. ಊಟ ಆಯಿತೇ, ಬಿಪಿ ಮಾತ್ರೆ ತೆಗೆದುಕೊಂಡೆಯಾ ಎಂದು ಕೇಳಬಹುದು ಅಂದುಕೊಂಡೆ. ಅಪ್ಪಾ, ಆ ಸಹಿ ಅಮ್ಮಂದಾ ನಿಂದಾ ಎಂದು ಕೇಳಿದಳು. ನಾನು ನಗಲು ನೋಡಿದೆ. ನಗಬೇಡಪ್ಪ ಎಂದಳು. ಆಮೇಲೆ ನೀನು ಹೇಳಿ ಕಳಿಸಿದ್ದನ್ನು ಒಪ್ಪಿಸಿದಳು: ಅಮ್ಮ ಹೇಳಿದ್ಲು, ಒಂದ್ಸಲ ಸುಳ್ಳು ಹೇಳಿದೀನಿ, ಇನ್ನೊಂದ್ಸಲ ಹೇಳೋಕೆ ನನ್ನ ಕೈಲಾಗಲ್ಲ. ಹಾಗಂತ ನಾನಾಗಿ ಅವರನ್ನ ಹಿಡ್ಕೊಡೋದೂ ಇಲ್ಲ. ಬುಧವಾರದ ಒಳಗೆ ಅವರೇ ಬಾಯಿ ಬಿಟ್ಟು ಹೇಳ್ಲಿ.

ಇಷ್ಟು ಹೇಳಿ ಫೋನ್ ಇಟ್ಟಳು. ಮಗಳ ದನಿ ಥೇಟು ನಿನ್ನದೇ. ತರಗತಿಯಲ್ಲಿ ಗಲಾಟೆ ಮಾಡಿದವನು ತಾನಾಗಿ ಎದ್ದು ನಿಲ್ಲಲಿ ಎಂದು ಕಾಯುವ ದನಿ.

ಬುಧವಾರ ಸಂಜೆ ಐದು ಗಂಟೆ ನನಗೆ ಕೊಟ್ಟಿರುವ ಗಡುವು. ನೂಲಿನ ಗಿರಣಿಯ ಆ ತಾಯಿ, ಗೇಟಿನ ಗೋಲಿಬಾರಿನಲ್ಲಿ ಮಗಳನ್ನು ಕಳೆದುಕೊಂಡವಳು, ನಿನ್ನ ಅನರ್ಹತೆಯ ವಿರುದ್ಧ ನ್ಯಾಯಾಲಯಕ್ಕೆ ಹೋಗಿದ್ದಾಳಷ್ಟೆ. ತನ್ನ ಪ್ರತಿನಿಧಿಯನ್ನು ಮೋಸದಿಂದ ಕಿತ್ತುಹಾಕಿದ್ದಾರೆ ಎಂದು ಒಬ್ಬ ಮತದಾರಳಾಗಿ ಅರ್ಜಿ ಕೊಟ್ಟಿದ್ದಾಳೆ. ಅರ್ಜಿಯ ಕೆಳಗೆ ಆಕೆಯ ಹೆಬ್ಬೆಟ್ಟಿದೆ. ಅದರ ಪ್ರತಿ ನನಗೂ ಬಂತು. ಹೆಬ್ಬೆಟ್ಟನ್ನು ಬಹಳ ಹೊತ್ತು ನೋಡಿದೆ, ಅದನ್ನು ಇನ್ನೊಬ್ಬರ ಪರವಾಗಿ ಒತ್ತಲು ಬರುವುದಿಲ್ಲ. ನ್ಯಾಯಾಲಯ ನನ್ನನ್ನು ಕೇಳಿರುವುದು ಒಂದೇ ಪ್ರಶ್ನೆ. ವಿಶ್ವಾಸಮತದ ಹಿಂದಿನ ದಿನ, ಸರ್ಕಾರದ ಪರ ಮತ ಹಾಕಲೇಬೇಕೆಂಬ ಪಕ್ಷದ ವಿಪ್ಪನ್ನು ನಾನು ನಿನ್ನ ಕೈಗೆ ಕೊಟ್ಟೆನೇ, ಇಲ್ಲವೇ? ಕೊಡಲಿಲ್ಲ ಎಂದು ಪ್ರಮಾಣಪತ್ರ ಬರೆದರೆ ನಿನ್ನ ಸ್ಥಾನ ನಿನಗೆ ಮರಳುತ್ತದೆ, ಉಪಚುನಾವಣೆ ನಿಲ್ಲುತ್ತದೆ, ಗೋಲಿಬಾರಿನ ಬಗ್ಗೆ ನ್ಯಾಯಾಂಗ ತನಿಖೆ ಕೇಳಿ ನೀನು ಕೊಟ್ಟಿದ್ದ ನೋಟಿಸಿಗೆ ಜೀವ ಬರುತ್ತದೆ. ಕೊಟ್ಟೆ ಎಂದು ಬರೆದರೆ ನಿನ್ನ ಜೊತೆಗೆ ಆ ನೋಟಿಸೂ ಸತ್ತ ಹಾಗೆ. ನಿನ್ನ ಬಿಟ್ಟು ಸದನದಲ್ಲಿ ಅದನ್ನು ಕೈಯಲ್ಲಿ ಮುಟ್ಟುವವರಿಲ್ಲ.

ಪ್ರಮಾಣಪತ್ರಕ್ಕೆ ಕೂರುವ ಮೊದಲು ನಿನಗೆ ಬರೆದು ನೋಡುತ್ತಿದ್ದೇನೆ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಶುರುವಾಗಿದ್ದು ನಿನ್ನ ಮಣಿಕಟ್ಟಿನಿಂದ. ಮೊದಲ ಚುನಾವಣೆಯ ಪ್ರಚಾರದ ಜೀಪಿನಿಂದ ಇಳಿಯುವಾಗ ನೀನು ಬಿದ್ದು ಬಲಗೈ ಮುರಿದುಕೊಂಡೆ. ಗೆದ್ದ ಮರುದಿನದಿಂದಲೇ ಜನ ಬಾಗಿಲಿಗೆ ಬಂದರು. ಒಬ್ಬರಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಬೇಕು, ಒಬ್ಬರಿಗೆ ಶಾಲೆಯಲ್ಲಿ ಸೀಟು, ಒಬ್ಬರಿಗೆ ವರ್ಗಾವಣೆ. ನಿನ್ನ ಕೈಗೆ ಪ್ಲಾಸ್ಟರು. ನೀವೇ ಸಹಿ ಹಾಕ್ರೀ, ಪಾಪ ಜನ ಕಾಯ್ತಿದಾರೆ, ಎಂದು ನೀನೇ ಹೇಳಿದೆ. ನಾನು ಹಾಕಿದೆ. ಆರು ವಾರಕ್ಕೆ ಪ್ಲಾಸ್ಟರು ಬಿಚ್ಚಿದರು, ಅಭ್ಯಾಸ ಬಿಚ್ಚಲಿಲ್ಲ. ನೀನು ಹಳ್ಳಿ ತಿರುಗುತ್ತಿದ್ದೆ, ನಾನು ಇಲ್ಲಿ ಕೂತು ನಿನ್ನ ಹೆಸರು ಬರೆಯುತ್ತಿದ್ದೆ. ಪಕ್ಷದಲ್ಲಿ ನನಗೆ ‘ಪೆನ್ನು’ ಎಂದು ಹೆಸರು ಬಿದ್ದಿದ್ದು ಆಗಲೇ. ನೀನು ಒಂದೇ ಒಂದು ಕಟ್ಟುಪಾಡು ಹಾಕಿದ್ದೆ: ಜನರ ಕಾಗದಕ್ಕೆ ಏನಾದ್ರೂ ಮಾಡ್ಕೊಳ್ಳಿ, ಸದನದ ಕಾಗದ ಮಾತ್ರ ಮುಟ್ಟಬೇಡಿ. ಹದಿಮೂರು ವರ್ಷ ಮುಟ್ಟಲಿಲ್ಲ. ಇದನ್ನು ನನ್ನ ಪರವಾಗಿ ಎಲ್ಲಾದರೂ ಒಂದು ಕಡೆ ಬರೆದುಕೋ.

ಆಮೇಲೆ ಬಂತು ಸಮ್ಮಿಶ್ರ ಸರ್ಕಾರ. ನಾವು ಗೆದ್ದಿದ್ದು ಎಂಟೇ ಸ್ಥಾನ, ಆದರೆ ದೊಡ್ಡ ಪಕ್ಷಕ್ಕೆ ಕಡಿಮೆ ಬಿದ್ದಿದ್ದು ಏಳು. ಅಷ್ಟು ದಿನ ನಮ್ಮನ್ನು ಬೀದಿಯಲ್ಲಿ ಕಂಡರೆ ಕಾರಿನ ಗಾಜು ಏರಿಸುತ್ತಿದ್ದವರು ಈ ಕಿರಿದಾದ ಮೆಟ್ಟಿಲು ಹತ್ತಿ ಬಂದು, ಸ್ಟೂಲಿನ ಮೇಲೆ ಕೂತು, ಸೋರುವ ಲೋಟದಲ್ಲಿ ಚಹಾ ಕುಡಿದರು. ನಮ್ಮ ಪಕ್ಷದ ಅಧ್ಯಕ್ಷರಂತೂ ಮದುವೆಯ ಗಂಡಿನ ಹಾಗೆ ಬಿಗಿದುಕೊಂಡು ಕೂತಿದ್ದರು. ಎರಡು ಬಾವುಟ ಅಕ್ಕಪಕ್ಕ ಹಾರಿಸುವಾಗ ನಮ್ಮದು ನಾಲ್ಕು ಬೆರಳು ಕೆಳಗಿರಬೇಕೋ ಎರಡು ಬೆರಳೋ ಎಂದು ಮೂರು ದಿನ ಮಾತುಕತೆ ನಡೆಯಿತು. ಕೊನೆಗೆ ಮೂರು ಬೆರಳಿಗೆ ಒಪ್ಪಂದವಾಯಿತು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ನೆನೆದರೆ ಆ ನಗುವೇ ನಮ್ಮ ಮನೆಯ ಕೊನೆಯ ದೊಡ್ಡ ನಗು ಅನ್ನಿಸುತ್ತದೆ.

ಮೈತ್ರಿಯ ಸಾಮಾನ್ಯ ಕನಿಷ್ಠ ಕಾರ್ಯಕ್ರಮದ ಕರಡು ಬರೆಯುವ ಕೆಲಸ ನನಗೆ ಬಂತು. ಹದಿನಾಲ್ಕನೇ ಅಂಶ ನಿನ್ನದು: ‘ಕಾರ್ಮಿಕರ ಮೇಲೆ ಪೊಲೀಸ್ ಬಲಪ್ರಯೋಗವನ್ನು ನಿಷೇಧಿಸಲಾಗುವುದು.’ ದೊಡ್ಡ ಪಕ್ಷದವರು ಅದನ್ನು ತೆಗೆಯಿರಿ ಎನ್ನಲಿಲ್ಲ. ಒಂದು ಚೂರು ಮೆತ್ತಗೆ ಮಾಡಿ ಎಂದರು. ನಾನು ‘ನಿಷೇಧಿಸುವ ಬಗ್ಗೆ ಪರಿಶೀಲಿಸಲಾಗುವುದು’ ಎಂದು ಮಾಡಿದೆ. ‘ಬಗ್ಗೆ’ ಎನ್ನುವುದು ಎಷ್ಟು ಸಣ್ಣ ಪದ! ನೀನು ಓದಿ, ಇದರಲ್ಲಿ ಕರ್ತೃವೇ ಇಲ್ಲವಲ್ರೀ, ಯಾರು ಪರಿಶೀಲಿಸೋದು, ಎಂದು ಕೇಳಿದೆ. ಸರ್ಕಾರ ಅಂದ್ರೆ ಹಾಗೇ ಕಣೇ, ಕ್ರಿಯಾಪದ ಇರುತ್ತೆ, ಕರ್ತೃ ಇರಲ್ಲ, ಎಂದು ತಮಾಷೆ ಮಾಡಿದೆ. ನೀನು ನಗಲಿಲ್ಲ.

ಹದಿನಾಲ್ಕು ತಿಂಗಳಾದ ಮೇಲೆ ಗಿರಣಿಯ ಗೇಟಿನಲ್ಲಿ ಕರ್ತೃವೇ ಇಲ್ಲದೆ ಗುಂಡು ಹಾರಿತು. ಒಳಗೆ ಸೆಕೆಯಲ್ಲಿ ಹುಡುಗಿಯರು ಮೂರ್ಛೆ ಬೀಳುತ್ತಿದ್ದಾರೆ, ನೂಲು ತುಂಡಾಗುತ್ತದೆಂದು ಮುಚ್ಚಿರುವ ಗವಾಕ್ಷಿ ತೆಗೆಸಿ ಎಂದು ಕೇಳಲು ಬಂದವರ ಮೇಲೆ. ನಾಲ್ಕು ಜನ ಸತ್ತರು. ಅದರಲ್ಲೊಬ್ಬಳು ನಿನ್ನ ಶಾಲೆಯಲ್ಲಿ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದ ಎಡಚಿ ಹುಡುಗಿ. ಹತ್ತೊಂಬತ್ತು ವರ್ಷ. ನೀನು ಶವಾಗಾರದಿಂದ ಬಂದು ಸ್ನಾನವನ್ನೂ ಮಾಡದೆ ಅಡುಗೆಮನೆಯ ನೆಲದ ಮೇಲೆ ಕೂತೆ. ಅವಳಿಗೆ ಬಲಗೈಯಲ್ಲಿ ಬರಿ ಅಂತ ಬೈದಿದ್ದೆ ಕಣ್ರೀ, ಎಂದೆ. ನಾನು ಪಕ್ಕದಲ್ಲಿ ಕೂರಬೇಕಿತ್ತು. ಸಮನ್ವಯ ಸಮಿತಿಯ ಫೋನ್ ಬಂತು, ಎದ್ದು ಹೋದೆ.

ಮುಂದಿನದು ಪತ್ರಿಕೆಗಳಲ್ಲಿ ಬಂದಿದ್ದೇ. ನೀನು ನ್ಯಾಯಾಂಗ ತನಿಖೆ ಕೇಳಿದೆ. ಇದರಿಂದ ಮಿತ್ರಪಕ್ಷಕ್ಕೆ ಮುಜುಗರ ಎಂದು ಅಧ್ಯಕ್ಷರು ಹೇಳಿದರು. ಇನ್ನೊಂದು ಪುಟ್ಟ ಪಕ್ಷ ಸಿಟ್ಟಿನಿಂದ ಹೊರನಡೆಯಿತು, ಸರ್ಕಾರ ಬಹುಮತ ಸಾಬೀತು ಮಾಡಬೇಕಾಯಿತು. ನಿಮ್ಮ ಎಂಟೂ ಜನರನ್ನು ಕೆರೆಯ ಪಕ್ಕದ ಆ ಹೋಟೆಲಿನಲ್ಲಿ ಕೂಡಿಹಾಕಿದರು. ಫೋನುಗಳನ್ನೆಲ್ಲ ಬೆತ್ತದ ಬುಟ್ಟಿಯಲ್ಲಿ ಇಸಿದುಕೊಂಡರು. ನೀನು ಬೇಜಾರಿಗೆ ಹೋಟೆಲಿನ ತಿಂಡಿಪಟ್ಟಿಯ ಕಾಗುಣಿತ ತಿದ್ದಿ ಮ್ಯಾನೇಜರನಿಗೆ ಕೊಟ್ಟೆಯಂತೆ. ಐದನೇ ದಿನ ಹಲ್ಲುನೋವೆಂದು ಹೇಳಿ ಹೊರಬಿದ್ದು, ಸಿಟಿ ಬಸ್ಸು ಹತ್ತಿ ಇಲ್ಲಿಗೆ ಬಂದೆ.

ಆ ಮಧ್ಯಾಹ್ನ ನನಗೆ ಅಕ್ಷರ ಅಕ್ಷರ ನೆನಪಿದೆ. ಹನ್ನೆರಡು ಗಂಟೆ. ಕೆಳಗಿನ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದರು. ನೀನು ಬಟ್ಟೆಯ ಚೀಲ ಮೇಜಿನ ಮೇಲಿಟ್ಟು, ನಿಂತೇ ಹೇಳಿದೆ: ನಾಳೆ ನಾನು ‘ಇಲ್ಲ’ ಅಂತಾನೇ ಹೇಳೋದು. ವಿಪ್ ನನ್ನ ಕೈಗೆ ಬರಬಾರದು. ಕೈಗೆ ಬಂದ ಮೇಲೆ ಮೀರಿದ್ರೆ ಸೀಟು ಹೋಗುತ್ತೆ, ಸೀಟು ಹೋದ್ರೆ ಆ ನಾಲ್ಕು ಜನರ ಹೆಸರು ಒಳಗೆ ಎತ್ತೋರು ಯಾರೂ ಇರಲ್ಲ. ಈಗ ಗಿರಣಿ ಊರಿಗೆ ಹೋಗ್ತೀನಿ, ಬೆಳಗ್ಗೆ ಸೀದಾ ಸದನಕ್ಕೆ ಬರ್ತೀನಿ. ಇಲ್ಲಿದು ನೀವು ನೋಡ್ಕೊಳ್ಳಿ. ನೋಡ್ಕೋತೀನಿ ಎಂದು ನಾನೆಂದೆ. ವಿಪ್ಪನ್ನು ಬಾಗಿಲಿಗೆ ಅಂಟಿಸಿದರೆ ಸಾಲದು, ಕೈಯಲ್ಲೇ ಕೊಟ್ಟು ಸ್ವೀಕೃತಿ ಪುಸ್ತಕದಲ್ಲಿ ಸಹಿ ಪಡೆಯಬೇಕು ಎಂಬುದು ನಮ್ಮ ಪಕ್ಷದ ನಿಯಮ. ಆ ನಿಯಮ ಬರೆದವನೂ ನಾನೇ. ನೀನು ನನ್ನನ್ನು ನಂಬಿದ್ದು ಹೆಂಡತಿಯಾಗಿ ಮಾತ್ರವಲ್ಲ, ಕಾನೂನು ತಿಳಿದವಳಾಗಿಯೂ.

ನಾಲ್ಕು ಗಂಟೆಗೆ ಮುಖ್ಯ ಸಚೇತಕ ಬಂದ. ನೀನು ‘ಹಾಜರಿ ಮೇಷ್ಟ್ರು’ ಎಂದು ಹೆಸರಿಟ್ಟವನೇ. ಕಂಕುಳಲ್ಲಿ ಸ್ವೀಕೃತಿ ಪುಸ್ತಕ. ಹೋಟೆಲಿನಲ್ಲಿ ಏಳು ಸಹಿ ಆಗಿತ್ತು, ಎಂಟನೆಯ ಗೆರೆ ಖಾಲಿ. ನನ್ನ ಮೇಜಿನ ಮೇಲೆ ನಿನ್ನ ಸಹಿಗೆಂದು ಇಪ್ಪತ್ತೆರಡು ಕಾಗದ ಕಾಯುತ್ತಿದ್ದವು, ಸಂಜೆಯ ಅಂಚೆಗೆ ಹೋಗಬೇಕಾದವು. ನಾನು ಒಂದರ ಮೇಲೊಂದು ಹಾಕುತ್ತಾ ಇದ್ದೆ. ಅವನು ಪುಸ್ತಕ ಬಿಚ್ಚಿ ಅದರ ಮೇಲೇ ಇಟ್ಟ. ಕೈ ಓಟದಲ್ಲಿತ್ತು. ಏನು ಎತ್ತ ನೋಡಲಿಲ್ಲ. ಅದರ ಮೇಲೂ ಹಾಕಿಬಿಟ್ಟೆ. ಹಾಕಿದ ಮೇಲೆ ತಿಳಿಯಿತು, ಅಷ್ಟರಲ್ಲಿ ಅವನು ಪುಸ್ತಕ ಮುಚ್ಚಿಯಾಗಿತ್ತು.

ಹೀಗೆಂದು ನಾನು ನಮ್ಮ ವಕೀಲರಿಗೆ ಹೇಳಿದೆ. ಹೀಗೆಂದು ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುವಾಗ ನನಗೂ ಹೇಳಿಕೊಂಡೆ. ಎರಡು ತಿಂಗಳಲ್ಲಿ ಇದನ್ನು ಹೇಳುವುದು ನನಗೆ ನೀರು ಕುಡಿದಷ್ಟು ಸುಲಭವಾಗಿದೆ. ಕೇಳಿದವರಿಗೂ ಅಯ್ಯೋ ಪಾಪ ಅನ್ನಿಸುತ್ತದೆ.

ಆದರೆ ನೀನು ಈ ಹೊತ್ತಿಗೆ ಕೆಂಪು ಗೆರೆ ಎಳೆದಿರುತ್ತೀ. ಸರಿ, ಎಳಿ. ಹಾಗಾಗಲಿಲ್ಲ.

ಹಾಜರಿ ಮೇಷ್ಟ್ರು ಪುಸ್ತಕವನ್ನು ಕಾಗದಗಳ ಮೇಲಿಡಲಿಲ್ಲ, ನನ್ನೆದುರು ಒಂಟಿಯಾಗಿ ಇಟ್ಟ. ಚಹಾ ತರಿಸಿದ. ನಿನ್ನ ಆರೋಗ್ಯ ಕೇಳಿದ, ಹಲ್ಲುನೋವು ಹೇಗಿದೆ ಎಂದು ನಕ್ಕ. ಆಮೇಲೆ ಹೇಳಿದ: ಪೆನ್ನು, ಎಂಟು ತಲೆ ತೋರಿಸ್ತೀವಿ ಅಂತ ಮಾತು ಕೊಟ್ಟು ಬಂದಿದೀವಿ. ಏಳು ತೋರಿಸಿದ್ರೆ ನಾಳೆಯಿಂದ ನಮ್ಮನ್ನ ನಾಯಿನೂ ಮೂಸಲ್ಲ. ಟೀಚರ್ ಏನಾದ್ರೂ ಮಾಡ್ಕೊಳ್ಲಿ, ಆದ್ರೆ ಪುಸ್ತಕ ಸರಿಯಾಗಿರಬೇಕು. ಆ ಕಾಗದಗಳಿಗೆಲ್ಲ ಯಾರ ಕೈ ಅಂತ ನಮಗೇನು ಗೊತ್ತಿಲ್ವಾ? ಇಷ್ಟು ಹೇಳಿ ಎದ್ದು ಕಿಟಕಿಯ ಬಳಿ ಹೋದ. ನನಗೆ ಬೆನ್ನು ಹಾಕಿ ಡಿಪೋದ ಬಸ್ಸುಗಳನ್ನು ನೋಡುತ್ತಾ ನಿಂತ.

ನಾನು ಪತ್ರಿಕೆಯ ಅಂಚಿನಲ್ಲಿ ಮೂರು ಸಲ ಹಾಕಿ ನೋಡಿದೆ. ಕೇಳಿಸಿತೇ ಟೀಚರ್? ಹದಿಮೂರು ವರ್ಷ ದಿನಕ್ಕೆ ಇಪ್ಪತ್ತು ಸಲ ಹಾಕಿದ ಸಹಿಯನ್ನು ಅವತ್ತು ಅಭ್ಯಾಸ ಮಾಡಿ ನೋಡಿದೆ. ನಾಲ್ಕನೆಯದನ್ನು ಪುಸ್ತಕದಲ್ಲಿ ಹಾಕಿದೆ. ಅಂಚನ್ನು ಹರಿದು ಚಹಾದ ಲೋಟದಲ್ಲಿ ತುರುಕಿದೆ. ಇದು ಅಭ್ಯಾಸಬಲವಲ್ಲ, ಕಣ್ತಪ್ಪಲ್ಲ. ಗೊತ್ತಿದ್ದೇ ಮಾಡಿದೆ.

ಯಾಕೆ ಎಂದು ಕೇಳುತ್ತೀ. ಯಾರೂ ನನಗೆ ಯಾವ ಆಸೆಯನ್ನೂ ತೋರಿಸಲಿಲ್ಲ, ಇದೊಂದನ್ನು ನಂಬು. ಹೆದರಿದೆ, ಅಷ್ಟೇ. ಈ ಕೋಣೆಗೆ ಮೂವತ್ತು ವರ್ಷ ಬಂದಿದ್ದೇನೆ. ಠೇವಣಿ ಕಳೆದುಕೊಂಡ ಆರು ಚುನಾವಣೆಗಳ ಭಿತ್ತಿಪತ್ರಗಳು ಇನ್ನೂ ಕಪಾಟಿನ ಮೇಲಿವೆ. ಮೊದಲ ಸಲ ದೊಡ್ಡವರು ಯಾರೋ ನಮ್ಮ ಮೆಟ್ಟಿಲು ಹತ್ತಿದ್ದರು. ಅದು ನಿಂತುಹೋಗುತ್ತದಲ್ಲ ಎಂದುಕೊಂಡೆ. ಸತ್ತ ನಾಲ್ವರಿಗಿಂತ ಈ ಮೆಟ್ಟಿಲು ನನಗೆ ಹೆಚ್ಚಾಯಿತು. ಬರೆದಾದ ಮೇಲೆ ಈ ವಾಕ್ಯವನ್ನು ಹೊಡೆದುಹಾಕಬೇಕು ಅನ್ನಿಸಿತು, ಬಿಟ್ಟಿದ್ದೇನೆ.

ಬೆಳಗ್ಗೆ ನಿನಗೆ ಹೇಳಿಬಿಡುವುದು ಎಂದುಕೊಂಡಿದ್ದೆ. ಸಹಿ ಆಗಿಹೋಗಿದೆ, ಈಗ ‘ಹೌದು’ ಅನ್ನದೆ ವಿಧಿಯಿಲ್ಲ ಎಂದರೆ ನೀನು ಬೈದು, ಅತ್ತು, ಕೊನೆಗೆ ‘ಹೌದು’ ಎನ್ನುತ್ತೀ. ಸರ್ಕಾರವೂ ಉಳಿಯುತ್ತದೆ, ಸೀಟೂ ಉಳಿಯುತ್ತದೆ, ಸಂಸಾರವೂ ಉಳಿಯುತ್ತದೆ. ಒಂಬತ್ತು ಗಂಟೆಯಿಂದ ಸದನದ ಮೊದಲನೇ ಗೇಟಿನಲ್ಲಿ ನಿಂತಿದ್ದೆ. ನೀನು ಹದಿಮೂರು ವರ್ಷದಿಂದ ಬರುವುದು ಮೂರನೇ ಗೇಟಿನಿಂದ. ಅದು ನನಗೆ ಗೊತ್ತಿಲ್ಲದ ವಿಷಯವಲ್ಲ.

ಪ್ರೇಕ್ಷಕರ ಗ್ಯಾಲರಿಯಿಂದ ನೋಡಿದೆ. ಒಂದೊಂದು ಸಾಲನ್ನೂ ನಿಲ್ಲಿಸಿ ತಲೆ ಎಣಿಸುತ್ತಿದ್ದರು. ‘ಹೌದು’ ಎನ್ನುವವರು ಎದ್ದಾಗ ನಿನ್ನ ಸಾಲಿನಲ್ಲಿ ಏಳು ಜನ ಎದ್ದರು, ನೀನು ಕೂತೇ ಇದ್ದೆ. ‘ಇಲ್ಲ’ ಎನ್ನುವವರ ಸರದಿ ಬಂದಾಗ ನಿನ್ನ ಸಾಲಿನಲ್ಲಿ ನೀನೊಬ್ಬಳೇ ಎದ್ದೆ. ಮೈಕು ಇರಲಿಲ್ಲ, ಆದರೂ ಆ ನಾಲ್ಕು ಹೆಸರುಗಳನ್ನು ಹೇಳಿದೆ. ಗಲಾಟೆಯಲ್ಲಿ ಮೂರನೆಯದರವರೆಗೆ ಕೇಳಿಸಿತು. ಸೆರಗು ಸರಿಮಾಡಿಕೊಂಡು ಕೂತೆ. ನನ್ನ ಪಕ್ಕ ಕೂತಿದ್ದ ಮುದುಕರೊಬ್ಬರು, ಯಾರ್ರೀ ಆ ಹೆಣ್ಮಗಳು, ಗಟ್ಟಿಗಿತ್ತಿ, ಎಂದರು. ಗೊತ್ತಿಲ್ಲ ಎಂದೆ. ಸರ್ಕಾರ ಎರಡು ಮತದಿಂದ ಗೆದ್ದಿತು. ನೀನು ಅತ್ತ ಹೋಗಿಯೂ ಗೆದ್ದಿತು. ಎಂಟನೆಯ ತಲೆ ಯಾರಿಗೂ ಬೇಕಾಗಿಯೇ ಇರಲಿಲ್ಲ ಟೀಚರ್. ಬೇಕಾಗಿದ್ದದ್ದು ನಿನ್ನನ್ನು ಹೊರಗೆ ಹಾಕುವುದು, ಅದಕ್ಕೆ ಒಂದು ಸಹಿ ಸಾಕಾಯಿತು. ಹದಿನೈದೇ ದಿನಕ್ಕೆ ನಮ್ಮ ಅಧ್ಯಕ್ಷರು ಕೈಗಾರಿಕಾ ಮಂತ್ರಿಯಾದರು. ಗಿರಣಿಯ ಗೇಟಿಗೆ ಹೊಸ ಬಣ್ಣ ಹೊಡೆಸಿದ್ದಾರಂತೆ.

ಇನ್ನು ಸಭಾಧ್ಯಕ್ಷರ ಕೋಣೆಯ ವಿಚಾರಣೆ. ಇದನ್ನು ಬರೆಯಲು ಬೆಳಗಿನಿಂದ ಹಿಂದೆಮುಂದೆ ನೋಡುತ್ತಿದ್ದೇನೆ. ಉದ್ದನೆಯ ಮೇಜು, ಗಾಜಿನ ಹೂಜಿ, ಗೋಡೆಗೆ ಒರಗಿಸಿದ ಕುರ್ಚಿಗಳು. ನಾನು ಮೂರನೆಯದರಲ್ಲಿದ್ದೆ. ನೀನು ವಿಪ್ ನನಗೆ ತಲುಪಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ನಿನ್ನ ಮುಖದಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ಆಗ ಹಾಜರಿ ಮೇಷ್ಟ್ರು ಪುಸ್ತಕ ಬಿಚ್ಚಿ ನಿನ್ನ ಮುಂದೆ ಸರಿಸಿದ. ನೀನು ಕನ್ನಡಕ ಹಾಕಿಕೊಂಡೆ.

ನಿನ್ನ ಹೆಸರಿನ ಕೊನೆಯ ಅಕ್ಷರಕ್ಕೆ ಬಂದಾಗ ನೀನು ಪೆನ್ನನ್ನು ಥಟ್ಟನೆ ಎತ್ತುತ್ತೀ, ನಾನು ಎತ್ತದೆ ಬಾಲ ಎಳೆಯುತ್ತೇನೆ. ಬ್ಯಾಂಕಿನವರಿಗೂ ಗೊತ್ತಾಗದ ವ್ಯತ್ಯಾಸ ಅದು. ನಮ್ಮಿಬ್ಬರಿಗೆ ಮಾತ್ರ ಗೊತ್ತು. ನಿನ್ನ ಬೆರಳು ಎಂಟನೆಯ ಗೆರೆಯ ಮೇಲೆ ಬಂತು, ಆ ಬಾಲದವರೆಗೆ ಹೋಗಿ ನಿಂತಿತು. ನೀನು ತಲೆ ಎತ್ತಲಿಲ್ಲ, ನನ್ನ ಕಡೆ ನೋಡಲಿಲ್ಲ. ನಿನ್ನ ವಕೀಲೆ, ಕೈಬರಹ ತಜ್ಞರಿಗೆ ಕಳಿಸಬೇಕು ಎಂದು ಕೇಳಿದರು. ಸಭಾಧ್ಯಕ್ಷರು, ಇದು ತಮ್ಮ ಸಹಿಯೇ ಅಲ್ಲವೇ ಎಂದರು. ಅಲ್ಲ ಎಂದು ಒಂದು ಮಾತು ಹೇಳಿದ್ದರೆ ನಾನು ಅಲ್ಲಿಂದಲೇ ಪೊಲೀಸ್ ಠಾಣೆಗೆ ಹೋಗುತ್ತಿದ್ದೆ. ನೀನು ಕನ್ನಡಕ ತೆಗೆದು, ಮಡಿಚಿ, ನಂದೇ, ಎಂದೆ.

ಆ ಕ್ಷಣ ನನಗೆ ಏನಾಯಿತು ಗೊತ್ತೇ? ಸಂತೋಷವಾಯಿತು. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ. ಇವಳಿಗೆ ನನ್ನ ಮೇಲೆ ಇನ್ನೂ ಪ್ರೀತಿಯಿದೆ ಎಂದುಕೊಂಡೆ. ಕಾರಿನ ಬಾಗಿಲು ತೆಗೆದು ನಿಂತಿದ್ದೆ. ನೀನು ನನ್ನ ಪಕ್ಕದಿಂದಲೇ ಹಾದು, ಗೇಟು ದಾಟಿ, ಬಸ್ಸಿನ ಸಾಲಿನಲ್ಲಿ ಹೋಗಿ ನಿಂತೆ. ಸಂಜೆ ಮನೆಗೆ ಬಂದರೆ ನಿನ್ನ ಸೀರೆಗಳಿರಲಿಲ್ಲ, ಮಗಳ ಪುಸ್ತಕಗಳಿರಲಿಲ್ಲ. ಅಡುಗೆಮನೆಯಲ್ಲಿ ಒಂದು ಊಟಕ್ಕಾಗುವಷ್ಟು ಅನ್ನ ನೀನು ಮುಚ್ಚಿಟ್ಟಿದ್ದೆ. ಬಡಿಸಿಕೊಂಡು ತಿಂದೆ. ತಿನ್ನುವಾಗ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಬಹುದಿತ್ತು. ಇಳಿಯಿತು.

ಅವತ್ತಿನಿಂದ ನಾನು ಮನುಷ್ಯನಾಗಿಲ್ಲ. ನಿನ್ನ ಲೆಟರ್‌ಹೆಡ್ಡಿನ ಒಂದು ಕಟ್ಟು ಇನ್ನೂ ಮೇಜಿನಲ್ಲಿದೆ. ಸುದ್ದಿ ತಿಳಿಯದ ಮುದುಕಿಯರು ಆಸ್ಪತ್ರೆಯ ಹಾಸಿಗೆಗೆ ಕಾಗದ ಕೇಳಿಕೊಂಡು ಈಗಲೂ ಬರುತ್ತಾರೆ. ಟೀಚರ್ ಇಲ್ಲ ಎನ್ನುತ್ತೇನೆ. ಎಲ್ಲಿಗೆ ಹೋಗಿದಾರೆ ಎಂದು ಕೇಳುತ್ತಾರೆ.

ಆಯಿತು. ತೀರ್ಮಾನ ಮಾಡಿದ್ದೇನೆ. ಬುಧವಾರ ಐದರ ಒಳಗೆ ಹೋಗಿ ನಿಜ ಹೇಳುತ್ತೇನೆ. ಕರಡು ಸಿದ್ಧವಾಗಿದೆ: ‘ಆ ಸಹಿಯನ್ನು ನಾನು ಹಾಕಿದೆ. ನನ್ನ ಹೆಂಡತಿಗೆ ವಿಪ್ ತಲುಪಿರಲಿಲ್ಲ.’ ನೋಡು, ಎರಡೇ ವಾಕ್ಯ, ಮೊದಲನೆಯದರಲ್ಲಿ ಕರ್ತೃ ಇದ್ದಾನೆ. ವಕೀಲರು ಇದಕ್ಕೆ ಜೈಲು ಖಂಡಿತ ಎಂದಿದ್ದಾರೆ. ಆಗಲಿ. ನೀನು ಸದನಕ್ಕೆ ವಾಪಸು ಹೋದ ದಿನ ನಾಲ್ಕನೆಯ ಹೆಸರನ್ನು ಎಲ್ಲರಿಗೂ ಕೇಳಿಸುವ ಹಾಗೆ ಹೇಳು. ಮಗಳಿಗೆ, ಅಪ್ಪ ತಾನಾಗಿ ಎದ್ದು ನಿಂತ ಎಂದು ತಿಳಿಸು. ನನ್ನನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳುವುದಿಲ್ಲ. ಕೇಳದೆ ನೀನು ಎಷ್ಟೋ ಸಲ ಹಾಕಿಕೊಂಡಿದ್ದೀ.

ಎಂದೆಂದಿಗೂ ನಿನ್ನವನೇ ಆದ,
ಪೆನ್ನು

ಮರೆತ ಮಾ‌ತು: ಶುಕ್ರವಾರ, ಬೆಳಗ್ಗೆ.

ಕಾಗದವನ್ನು ಸೋಮವಾರ ಅಂಚೆಗೆ ಹಾಕಲಾಗಲಿಲ್ಲ. ಬುಧವಾರ ನಾಲ್ಕೂವರೆಗೆ ಪ್ರಮಾಣಪತ್ರ ಸಲ್ಲಿಸಿದೆ. ವಿಪ್ಪನ್ನು ನಿನ್ನ ಕೈಗೇ ಕೊಟ್ಟೆನೆಂದೂ ನೀನು ನನ್ನೆದುರೇ ಸಹಿ ಮಾಡಿದೆಯೆಂದೂ ಅದರಲ್ಲಿದೆ.

ಇಂದಿನ ಪತ್ರಿಕೆ ನೋಡಿರುತ್ತೀ. ನಿನ್ನ ಕ್ಷೇತ್ರದ ಉಪಚುನಾವಣೆಗೆ ಮೈತ್ರಿಕೂಟದ ಟಿಕೆಟ್ ನನಗೆ ಕೊಟ್ಟಿದ್ದಾರೆ. ಹಾಜರಿ ಮೇಷ್ಟ್ರು ಅವತ್ತು ಕಿಟಕಿಯ ಬಳಿ ಹೋಗುವ ಮೊದಲೇ ಆ ಮಾತು ಆಡಿದ್ದ. ಮೇಲೆ ಅದನ್ನು ಇಲ್ಲವೆಂದು ಬರೆದಿದ್ದೇನೆ, ಸರಿಮಾಡಿ ಓದಿಕೋ. ಸೀಟು ಮನೆಯಲ್ಲೇ ಉಳಿಯುತ್ತದೆ, ತನಿಖೆಯ ಬಗ್ಗೆ ನಾನೂ ಪರಿಶೀಲಿಸುತ್ತೇನೆ.

ಇನ್ನೊಂದು ವಿಷಯ. ಆ ತಾಯಿಯ ವಕೀಲರು ಬಿಡುತ್ತಿಲ್ಲ. ನಿನ್ನೆ ನ್ಯಾಯಾಧೀಶರು, ಸೋಮವಾರ ನೀನು ಖುದ್ದಾಗಿ ಬಂದು ಹತ್ತು ಸಲ ಮಾದರಿ ಸಹಿ ಮಾಡಿಕೊಡಬೇಕು, ಪುಸ್ತಕದ ಸಹಿಯೊಡನೆ ಹೋಲಿಸಿ ನೋಡುತ್ತೇವೆ ಎಂದಿದ್ದಾರೆ. ಈ ಕಾಗದವನ್ನೇ ನೀನು ಅವರ ಮುಂದೆ ಇಡಬಹುದು. ಇಡುವುದಿಲ್ಲ ಎಂದು ಗೊತ್ತಿದ್ದೇ ಕಳಿಸುತ್ತಿದ್ದೇನೆ. ಕೊನೆಯ ಅಕ್ಷರದಲ್ಲಿ ಪೆನ್ನು ಎತ್ತಬೇಡ, ನನ್ನ ಹಾಗೆ ಬಾಲ ಎಳಿ. ಜೊತೆಗೆ ಒಂದು ಗೆರೆ ಹಾಳೆ ಇಟ್ಟಿದ್ದೇನೆ. ಮೇಲಿನ ಸಾಲಿನಲ್ಲಿ ನಿನ್ನ ಹೆಸರನ್ನು ನಾನು ಬರೆದಿದ್ದೇನೆ. ಅದನ್ನು ನೋಡಿಕೊಂಡು ಕೆಳಗಿನ ಸಾಲುಗಳಲ್ಲಿ ನೀನು ತಿದ್ದು, ಕೈ ಕುದುರುವ ತನಕ.